ಇಕ್ರಿತ್ ಗ್ರಾಮ

ಇಸ್ರೇಲಿನ ಉತ್ತರದಲ್ಲಿ, ಲೆಬನಾನಿನ ಗಡಿಗೆ ಸಮೀಪವಾದ ಗುಡ್ಡವೊಂದರ ಮೇಲೆ ಇಕ್ರಿತ್ ಎಂಬ ಪ್ಯಾಲೆಸ್ತೀನಿ ಕ್ರೈಸ್ತರ ಗ್ರಾಮವಿದ್ದಿತು. ಈಗ ಅಲ್ಲಿ ನಾವು ಕಾಣುವುದು ಒಂದು ಇಗರ್ಜಿ, ಒಂದು ಸ್ಮಶಾನ ಮತ್ತು ಚದರಿ ಬಿದ್ದ ಕಲ್ಲುಗಳು ಮಾತ್ರ.

1948ರ ನವೆಂಬರಿನಲ್ಲಿ ಇಸ್ರೇಲಿನ ಸೈನ್ಯವು, ಎರಡು ವಾರಗಳಲ್ಲಿ ಹಿಂದಿರುಗಬಹುದೆಂದು ಹೇಳಿ, ನಿವಾಸಿಗಳನ್ನು ರಾಮೆ ಎಂಬ ಊರಿಗೆ ಸಾಗಿಸಿತು. ವಾಯಿದೆ ಕಳೆದರೂ ಅಪ್ಪಣೆ ಬರಲಿಲ್ಲ. ಅವರು ನ್ಯಾಯಾಲಯದ ಮೊರೆಹೊಕ್ಕರು. ಹಿಂದಿರುಗಲು ಕಾನೂನಿನ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1951ರ ಜುಲೈ ತಿಂಗಳಲ್ಲಿ ತೀರ್ಪಿತ್ತಿತು. ಅದೇ ವರ್ಷದ ಕ್ರಿಸ್ಮಸ್ ಹಬ್ಬದ ವೇಳೆಗೆ ಸೈನ್ಯವು ಮನೆಗಳನ್ನು ಸಿಡಿಮದ್ದಿಟ್ಟು ಕೆಡವಿತು, ಇಗರ್ಜಿಯೊಂದನ್ನು ಉಳಿಸಿತು.

ಇವರು ಪರದೇಶದ ಶಿಬಿರಗಳಲ್ಲಿರುವವರಲ್ಲ, ಇಸ್ರೇಲಿನ ಪ್ರಜೆಗಳೇ. ಆದರೂ 1972ರಲ್ಲಿ ಗೋಲ್ಡಾ ಮೆಯರರ ಸರಕಾರವು ಇವರ ಬೇಡಿಕೆಯನ್ನು ತಳ್ಳಿಹಾಕಿತು. ಗಡಿಯ ರಕ್ಷಣೆ ಒಂದು ಕಾರಣ. ಇವರಿಗೆ ಎಡೆಗೊಟ್ಟರೆ, 1948ರ ಯುದ್ಧದಲ್ಲಿ ನೆಲೆಗೆಟ್ಟ 7 ಲಕ್ಷದಷ್ಟು ಪ್ಯಾಲೆಸ್ತೀನಿಯರ ಹಕ್ಕಿಗೂ ಅದು ಮೇಲ್ಪಂಕ್ತಿಯಾದೀತೆಂಬ ಅಂಜಿಕೆ ಇನ್ನೊಂದು.

1970ರ ದಶಕದಿಂದ ಇಕ್ರಿತಿನವರು ತಮ್ಮ ಮೃತರನ್ನು ಇಲ್ಲಿಗೆ ತಂದು ಹೂಳುತ್ತಿದ್ದಾರೆ. ಸತ್ತವರಿಗೆ ಆರಡಿ ಮೂರಡಿ ನೆಲವುಂಟು; ಬದುಕಿರುವವರಿಗೆ ಮನೆಯಿಲ್ಲ. ಸ್ಮಶಾನದಲ್ಲಿ ಒಪ್ಪಿಕೊಂಡ ಹಕ್ಕನ್ನು ಅಂಗಳದಲ್ಲಿ ಅಲ್ಲಗಳೆಯುವುದು ಯಾವ ನ್ಯಾಯವೋ ನಾವರಿಯೆವು.