ಮಾಯುವ ಗಾಯ, ನಮ್ಮ ಹೊಣೆ

ಕಳೆದ ಮಳೆಗಾಲದಲ್ಲಿ ನಮ್ಮ ತಾಯಿಯವರ ಅಂಗಾಲಿಗೆ ಮುಳ್ಳೊಂದು ಚುಚ್ಚಿತು. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದ್ದರಿಂದ ಅವರಿಗೆ ನೋವೇ ತಿಳಿಯಲಿಲ್ಲ. ಮೂರನೆಯ ದಿನ ವುಝೂಗಾಗಿ ಅವರ ಕಾಲಿಗೆ ನೀರು ಹೊಯ್ಯುವಾಗ ಕೀವು ನಮ್ಮ ಕಣ್ಣಿಗೆ ಬಿತ್ತು.

ಮಕ್ಕಳ ಮೊಣಕಾಲಿನ ತರಚುಗಾಯ ಒಂದೆರಡು ವಾರಗಳಲ್ಲಿ ಮಾಯುವುದನ್ನು ನಾವು ಎಷ್ಟೋ ಬಾರಿ ನೋಡಿದ್ದೇವೆ. ಅದನ್ನೊಂದು ಅನುಗ್ರಹವೆಂದು ಎಣಿಸಿದವರಲ್ಲ. ರಕ್ತವು ಹೆಪ್ಪುಗಟ್ಟಿ ಗಾಯದ ಬಾಯಿ ಮುಚ್ಚುತ್ತದೆ. ಬಿಳಿ ರಕ್ತಕಣಗಳು ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ನುಂಗಿ ಶುಚಿಗೊಳಿಸುತ್ತವೆ. ಕೊಲಾಜೆನ್ ಎಳೆಗಳು ಹೆಣೆದುಕೊಳ್ಳುತ್ತವೆ. ಅಂಚಿನಿಂದ ಹೊಸ ಚರ್ಮ ಹಬ್ಬುತ್ತದೆ. ಗಾಯವಿಲ್ಲದಾಗಲೂ ಈ ಕೆಲಸ ನಿಲ್ಲದು: ಕರುಳಿನ ಒಳಪದರ ಕೆಲವೇ ದಿನಗಳಲ್ಲಿ, ಕೆಂಪು ರಕ್ತಕಣಗಳು ಸುಮಾರು 120 ದಿನಗಳಲ್ಲಿ ಹೊಸದಾಗುತ್ತವೆ. ಯಾವುದಕ್ಕೂ ನಮ್ಮ ಅಪ್ಪಣೆ ಬೇಕಿಲ್ಲ.

ತಾಯಿಯವರ ಗಾಯಕ್ಕೆ ನಾಲ್ಕು ತಿಂಗಳು ಹಿಡಿಯಿತು. ಏರಿದ ಸಕ್ಕರೆಯು ರಕ್ತನಾಳಗಳನ್ನು ಕೆಡಿಸಿ, ಬಿಳಿ ರಕ್ತಕಣಗಳ ಬಲ ಕುಗ್ಗಿಸುತ್ತದೆ. ಸೃಷ್ಟಿಕರ್ತನು ದುರಸ್ತಿಯ ವ್ಯವಸ್ಥೆಯನ್ನು ದೇಹದೊಳಗೇ ಇರಿಸಿದ್ದನು. ಅದಕ್ಕೆ ಅಡ್ಡಿಯಾದುದು ನಮ್ಮ ಅಲಕ್ಷ್ಯ. ಮುಗಿದ ಮಾತ್ರೆಗಳನ್ನು ತರಲು ಮರೆತವರು ನಾವೇ. ಮದುವೆ ಮನೆಯಲ್ಲಿ 'ಇವತ್ತೊಂದು ದಿನ ತಿನ್ನಿ' ಎಂದು ಅವರ ತಟ್ಟೆಗೆ ಸಿಹಿ ಬಡಿಸಿದವರೂ ನಾವೇ.

ಗಾಯ ಈಗ ವಾಸಿಯಾಗಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಕಲೆಗಟ್ಟಿದ ಚರ್ಮಕ್ಕೆ ಮೊದಲಿನ ಬಲ ಪೂರ್ತಿಯಾಗಿ ಮರಳದು. ದೇಹವು ಅಲ್ಲಾಹನು ನಮ್ಮ ವಶಕ್ಕಿತ್ತ ಅಮಾನತ್. ವೃದ್ಧ ಹೆತ್ತವರ ದೇಹವಂತೂ ಮಕ್ಕಳ ಕೈಯಲ್ಲಿರುವ ಅಮಾನತ್. ಈಗ ಪ್ರತಿರಾತ್ರಿ ಇಶಾ ನಮಾಝಿನ ಬಳಿಕ ಅವರ ಎರಡೂ ಪಾದಗಳನ್ನು ಬೆಳಕಿಗೆ ಹಿಡಿದು ನೋಡುತ್ತೇವೆ.