ಎರಡು ಬಾಗಿಲ ಕೋಣೆ

ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಹಾಕಿದ ರಾತ್ರಿ ಮನೆಯಲ್ಲಿ ಒಬ್ಬರಾದರೂ ನಿದ್ದೆ ಕೆಡಬೇಕು. ನಮ್ಮ ಮನೆಯಲ್ಲಿ ಆ ಒಬ್ಬರು ಅಪ್ಪ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿ ಬಿಟ್ಟು ಒಳಗೆ ಹೊರಳಿದರೆ ನಮ್ಮ ಊರು. ಆಷಾಢದ ಗಾಳಿ ಕಳೆದು ಶ್ರಾವಣದ ಜಡಿಮಳೆ ಹಿಡಿಯುವ ಹೊತ್ತಿಗೆ ಊರಿನ ಎಲ್ಲ ಬ್ಯಾರನ್ನುಗಳ ಒಲೆಬಾಯಲ್ಲೂ ಕೆಂಡ ಕಾಣುತ್ತಿತ್ತು. ಕಡ್ಡಿಗೆ ಕಟ್ಟಿ ಒಳಗೆ ಏರಿಸಿದ ಹಸಿ ಸೊಪ್ಪು ಮೊದಲು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುದಂಟು. ಇದಕ್ಕೆಲ್ಲ ಐದಾರು ದಿನ. ಫ್ಯಾರನ್‌ಹೀಟ್ ಲೆಕ್ಕದಲ್ಲಿ 95 ಡಿಗ್ರಿಯ ಆಸುಪಾಸಿನಲ್ಲಿ ಶುರುವಾದ ಕಾವನ್ನು ಮೆಲ್ಲಮೆಲ್ಲಗೆ 160ರ ಹತ್ತಿರ ಒಯ್ಯಬೇಕು. ಅವಸರ ಮಾಡಿದರೆ ಸೊಪ್ಪು ಕೆಡುತ್ತದೆ, ಕಣ್ಣು ಮುಚ್ಚಿದರೆ ಬೆಂಕಿ ಇಳಿಯುತ್ತದೆ. ಒಣಗಿದ ಸೊಪ್ಪು ಜಾರಿ ಕಾದ ಕೊಳವೆಯ ಮೇಲೆ ಬಿದ್ದರಂತೂ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಅಪ್ಪ ಒಲೆಯ ಮುಂದೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದ. ಪಕ್ಕದಲ್ಲಿ ಟಾರ್ಚು, ಒಂದು ಚೊಂಬು ನೀರು, ಚರ್ಮದ ಚೀಲ ತೊಟ್ಟ ರೇಡಿಯೊ.

ರಾತ್ರಿ ಹನ್ನೊಂದು ದಾಟುತ್ತಿದ್ದಂತೆ ಮೈಸೂರು ಆಕಾಶವಾಣಿ ಆ ದಿನದ ಪ್ರಸಾರ ಮುಗಿಸುತ್ತಿತ್ತು. ಆಮೇಲೆ ಅಪ್ಪ ಮುಳ್ಳನ್ನು ಅತ್ತಿತ್ತ ಆಡಿಸಿ ಎಲ್ಲೋ ದೂರದ ಹಿಂದಿ ದನಿಯೊಂದನ್ನು ಹಿಡಿಯುತ್ತಿದ್ದ. ಅದು ಎಲ್ಲಿಂದ ಬರುತ್ತಿತ್ತೆಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. 1988ರ ಮೇ ತಿಂಗಳಲ್ಲಿ ಶುರುವಾದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿ ಅದು. ನಾಗಪುರದ ಹತ್ತು ಲಕ್ಷ ವಾಟ್ ಪ್ರಸಾರ ಯಂತ್ರದಿಂದ, ಮೀಡಿಯಂ ವೇವ್‌ನ 1566 ಕಿಲೊಹರ್ಟ್ಸ್‌ನಲ್ಲಿ, ಸಂಜೆಯಿಂದ ಬೆಳಗಿನ ಜಾವದವರೆಗೆ ದೇಶಕ್ಕೆಲ್ಲ ಹರಿಯುತ್ತಿತ್ತು. ಅಪ್ಪನಿಗೆ ಹಿಂದಿಯ ಗಂಧವಿಲ್ಲ.

“ಏನಂತಾನಪ್ಪ ಅವ್ನು?” ಎಂದು ಕೇಳಿದರೆ, “ಏನಾರ ಅಂದ್ಕಳ್ಳಿ ಬುಡ್ಲಾ ಮಗ. ಇಷ್ಟೊತ್ನಲ್ಲಿ ಎದ್ದಿರೋನು ಇನ್ನೊಬ್ಬ ಅವ್ನೆ ಅಂತ ಗೊತ್ತಾಯ್ತದಲ್ಲ” ಎನ್ನುತ್ತಿದ್ದ.

2019ರ ಜನವರಿಯಲ್ಲಿ ಆ ವಾಹಿನಿಯನ್ನು ನಿಲ್ಲಿಸಿದರು. ಸುದ್ದಿ ಓದಿದಾಗ ಅಪ್ಪ ಇರಲಿಲ್ಲ. ಆದರೆ ನಮ್ಮ ಕಡೆ ಬ್ಯಾರನ್ನುಗಳು ಇದ್ದವು, ಅವುಗಳ ಮುಂದೆ ನಿದ್ದೆಗೆಟ್ಟು ಕೂತವರೂ ಇದ್ದರು.

ಸಂಜೆಯ ರೇಡಿಯೊ ಮಾತ್ರ ಪೂರಾ ನಮ್ಮದು. ಮಳೆಗಾಲದಲ್ಲಿ ಜಲಾಶಯಗಳ ಮಟ್ಟ ಹೇಳುವ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು ಸಮುದ್ರ ಮಟ್ಟದಿಂದ 2284 ಅಡಿ. ಓದು ಬಾರದ ನಮ್ಮವ್ವನಿಗೂ ಈ ಎರಡು ಸಂಖ್ಯೆ ಬಾಯಿಪಾಠವಾಗಿದ್ದವು, ಏಕೆಂದರೆ ಅವಳ ತವರು ಎಚ್.ಡಿ. ಕೋಟೆ ಕಡೆಯ ಹೊಳೆದಂಡೆಯ ಊರು. ವೈನಾಡಿನಲ್ಲಿ ಮಳೆ ಜೋರಾದರೆ ಕಬಿನಿಗೆ ನೀರು ನುಗ್ಗುತ್ತದೆ, ಅಣೆಕಟ್ಟೆಯ ಬಾಗಿಲು ತೆಗೆದರೆ ಅಣ್ಣನ ಗದ್ದೆ ಮುಳುಗುತ್ತದೆ. ಒಳಹರಿವು, ಹೊರಹರಿವು ಎಂದು ಉದ್ಘೋಷಕರು ಸಮಾಧಾನದ ದನಿಯಲ್ಲಿ ಓದುತ್ತಿದ್ದ ಅಂಕಿಗಳ ಹಿಂದೆ ಅವಳಿಗೆ ಒಂದು ಇಡೀ ಸಂಸಾರ ಕಾಣುತ್ತಿತ್ತು.

ಕೃಷಿರಂಗದಲ್ಲಿ ಪತ್ರಗಳನ್ನು ಓದುವಾಗಿನ ಖುಷಿಯೇ ಬೇರೆ. ಬೆಟ್ಟದಪುರದಿಂದ ಇಂಥವರು, ಹನಗೋಡಿನಿಂದ ಇಂಥವರು, ಸಾಲಿಗ್ರಾಮದಿಂದ ಇಂಥವರು. ಹೆಸರು ಕೇಳಿದ ಕೂಡಲೇ ಅಪ್ಪ, “ನಮ್ ಬೀಗ್ರೂರು ಕನಾ!” ಎಂದು ನೆಟ್ಟಗೆ ಕೂರುತ್ತಿದ್ದ. ಒಂದು ಸಲ ನಾನೇ ಒಂದು ಕಾರ್ಡು ಬರೆದು ಹಾಕಿದೆ. ಎರಡು ವಾರದ ಮೇಲೆ ನಮ್ಮ ಊರಿನ ಹೆಸರು ರೇಡಿಯೊದಲ್ಲಿ ಬಂತು. ಅವ್ವ ರಾಗಿ ಹಿಟ್ಟಿನ ಕೈಯಲ್ಲೇ ಓಡಿಬಂದು ರೇಡಿಯೊವನ್ನೇ ನೋಡುತ್ತ ನಿಂತಳು. ನಕಾಶೆಯಲ್ಲಿ ಇಲ್ಲದ, ಬಸ್ಸಿನ ಬೋರ್ಡಿನಲ್ಲೂ ಇಲ್ಲದ ಆ ಹೆಸರು ಗಾಳಿಯಲ್ಲಿ ಹೊರಟು ಮೈಸೂರು ಸೀಮೆಗೆಲ್ಲ ಕೇಳಿಸಿತ್ತು.

ಮುಂದೆ ಕಾಲೇಜಿನ ದಿನಗಳಲ್ಲಿ ಯುವವಾಣಿಗೆ ಮಾತಾಡಲು ಕರೆ ಬಂತು. ಮೈಸೂರು ಯಾದವಗಿರಿಯ ಆಕಾಶವಾಣಿ ಕಟ್ಟಡದೊಳಗೆ ಕಾಲಿಟ್ಟ ಗಳಿಗೆ ಇವತ್ತಿಗೂ ಮೈಗೆ ನೆನಪಿದೆ. ಸ್ಟುಡಿಯೊಗೆ ಎರಡು ಬಾಗಿಲು. ಮೊದಲ ದಪ್ಪ ಬಾಗಿಲು ತಳ್ಳಿದರೆ ಒಬ್ಬಿಬ್ಬರು ನಿಲ್ಲುವಷ್ಟೇ ಪುಟ್ಟ ಜಾಗ. ಅದು ಹಿಂದಿನಿಂದ ಮುಚ್ಚಿಕೊಂಡ ಮೇಲೆಯೇ ಎರಡನೆಯದನ್ನು ತೆಗೆಯಬೇಕು. ಹೊರಗಿನ ಗದ್ದಲ ಒಂದನ್ನು ದಾಟಿದರೂ ಇನ್ನೊಂದಕ್ಕೆ ಸಿಕ್ಕಿಬೀಳಲೆಂದು ಆ ಏರ್ಪಾಡು. ಒಳಗೆ ಗೋಡೆಗೆಲ್ಲ ಸಣ್ಣ ಸಣ್ಣ ತೂತಿನ ಹಲಗೆ, ನೆಲಕ್ಕೆ ಜಮಖಾನ, ಮಧ್ಯೆ ಹಸಿರು ಬಟ್ಟೆ ಹೊದಿಸಿದ ಮೇಜು. ಬಾಗಿಲು ಮುಚ್ಚಿತು. ನನ್ನ ಉಸಿರು ನನಗೇ ಕೇಳಿಸಿತು.

ಆಗ ನನಗೆ ನೆನಪಾದದ್ದು ಚುಂಚನಕಟ್ಟೆ. ಕೆ.ಆರ್. ನಗರದ ಹತ್ತಿರ ದೊಡ್ಡವ್ವನ ಊರು. ಸಂಕ್ರಾಂತಿ ಹೊತ್ತಿನ ದನಗಳ ಜಾತ್ರೆಗೆ ಹೋದಾಗ ಕಾವೇರಿಯ ಧುಮುಕು ನೋಡಿ, ಕೋದಂಡರಾಮನ ಗುಡಿಗೆ ಹೋಗುತ್ತಿದ್ದೆವು. ಗುಡಿಯ ಹೊರಗೆಲ್ಲ ನೀರಿನ ಮೊರೆತ. ಗರ್ಭಗುಡಿಯ ಒಳಗೆ ಮಾತ್ರ ಅದು ಕೇಳಿಸುವುದಿಲ್ಲವೆಂದು ಆ ಕಡೆ ಪ್ರತೀತಿ. ದೊಡ್ಡವ್ವ ನನ್ನ ಕಿವಿ ಹಿಡಿದು ಬಾಗಿಲ ಬಳಿ ನಿಲ್ಲಿಸಿ, “ಈಗ ಕೇಳು, ಹೊಳೆ ಅದಾ?” ಎನ್ನುತ್ತಿದ್ದಳು. ಸ್ಟುಡಿಯೊ ಕಟ್ಟಿದವರಿಗೂ ಆ ಗುಡಿ ಕಟ್ಟಿದವರಿಗೂ ಒಂದೇ ವಿಷಯ ಗೊತ್ತಿತ್ತು ಅನ್ನಿಸಿತು: ಮುಖ್ಯವಾದ ಮಾತು ಹೇಳಬೇಕಾದ ಜಾಗದಲ್ಲಿ ಮೊದಲು ಸದ್ದು ಅಡಗಬೇಕು.

ನಾನು ಗ್ರಾಂಥಿಕ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಧ್ವನಿಮುದ್ರಣಕ್ಕೆ ಕೂರಿಸಿದ ಹಿರಿಯರು ಹಾಳೆಯ ಗುಂಡುಸೂಜಿ ತೆಗೆಸಿದರು, ಸದ್ದಾಗದಂತೆ ಒಂದೊಂದೇ ಹಾಳೆ ಪಕ್ಕಕ್ಕೆ ಸರಿಸುವುದನ್ನು ಹೇಳಿಕೊಟ್ಟರು. ನಾಲ್ಕು ಸಾಲು ಓದುವಷ್ಟರಲ್ಲಿ ಗಾಜಿನ ಆಚೆಯಿಂದ ಕೈ ಎತ್ತಿ ನಿಲ್ಲಿಸಿ, ಟೇಪು ಹಿಂದಕ್ಕೆ ಸುತ್ತುತ್ತ ಅಂದರು: “ಸೊಪ್ಪು ಬೇಯಿಸೋದನ್ನ ನಿಮ್ಮ ಮನೇಲಿ ಹೆಂಗೆ ಹೇಳ್ತೀರೋ ಹಂಗೇ ಹೇಳಿ. ಕೇಳೋರೂ ನಿಮ್ಮೋರೇ.” ನನ್ನ ಭಾಷೆಗೆ ಮೊದಲ ಬಾರಿ ಮರ್ಯಾದೆ ಸಿಕ್ಕಿದ್ದು ಆ ಎರಡು ಬಾಗಿಲ ಒಳಗೆ. ಶಾಲೆಯಲ್ಲಿ ಅದಕ್ಕೆ ಏಟು ಬಿದ್ದಿತ್ತು.

ಆಕಾಶವಾಣಿ ಎಂಬ ಹೆಸರು ಮೊದಲು ಹೊರಟದ್ದೂ ಒಂದು ಮನೆಯಿಂದಲೇ. ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ‘ವಿಠ್ಠಲ ವಿಹಾರ’ದಲ್ಲಿ ಪ್ರಸಾರ ಶುರುಮಾಡಿದರು. ಮೊದಲ ದಿನ ಕವಿತೆ ಓದಿದವರು ಕುವೆಂಪು. ಕೇಂದ್ರಕ್ಕೆ ಆಕಾಶವಾಣಿ ಎಂದು ಹೆಸರಿಟ್ಟವರು ನಾ. ಕಸ್ತೂರಿ ಎಂಬುದು ಮೈಸೂರಿನವರ ಮಾತು. ಆ ಯಂತ್ರದ ಶಕ್ತಿ ನೂರು ವಾಟ್ ಕೂಡ ಇರಲಿಲ್ಲ, ಒಂದು ಬಲ್ಬು ಉರಿಯುವಷ್ಟು. 250 ವಾಟಿನದು ಬಂದದ್ದು ಆಮೇಲೆ. ಮೇಷ್ಟರ ಸ್ವಂತ ದುಡ್ಡು, ಸ್ವಂತ ಮನೆ. ಸಂಗೀತಗಾರರು, ಸಾಹಿತಿಗಳು ಮನೆಗೆ ನೆಂಟರು ಬಂದಂತೆ ಬಂದು ಹಾಡಿ, ಮಾತಾಡಿ ಹೋಗುತ್ತಿದ್ದರು. 1942ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು. ಮುಂದೆ ದೇಶದ ರೇಡಿಯೊಗೆಲ್ಲ ಅದೇ ಹೆಸರು ನಿಂತಿತು.

ಆದರೆ ಹೆಸರು ಕೊಟ್ಟ ಊರಿನಿಂದ ಕೇಂದ್ರವೇ ಹೋಯಿತು. 1955ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ರಾಜ್ಯದ ರಾಜಧಾನಿಗೆ ದೊಡ್ಡ ಕೇಂದ್ರ ಬೇಕಿತ್ತು, ಅದು ಸರಿಯೇ. ಆದರೆ ಅದಕ್ಕೆ ಮೈಸೂರಿನ ಮೈಕನ್ನು ಏಕೆ ಎತ್ತಿಕೊಂಡು ಹೋಗಬೇಕಿತ್ತೋ ನನಗೆ ಅರ್ಥವಾಗಿಲ್ಲ. ಮತ್ತೆ ಮೈಸೂರಿನಿಂದ ಪ್ರಸಾರ ಹೊರಟದ್ದು 1974ರಲ್ಲಿ. ನಡುವೆ ಹತ್ತೊಂಬತ್ತು ವರ್ಷ. ಒಂದು ತಲೆಮಾರಿನ ನೀಲಗಾರರು, ತಂಬೂರಿಯವರು, ಸೋಬಾನೆ ಪದ ಹಾಡುವ ಅಜ್ಜಿಯರು ಹತ್ತಿರದಲ್ಲಿ ಒಂದು ಮೈಕಿಲ್ಲದೆ ಹಾಡಿಕೊಂಡು ಹೋಗಿಬಿಟ್ಟರು. ಬೆಂಗಳೂರಿಗೆ ಬಸ್ಸು ಹತ್ತಿ ಹೋಗಿ ಹಾಡಿದವರು ಎಷ್ಟು ಮಂದಿ ಇದ್ದಾರು? ಕಬಿನಿ ಅಣೆಕಟ್ಟೆ ಮುಗಿದದ್ದೂ ಅದೇ 1974ರಲ್ಲಿ. ಎಚ್.ಡಿ. ಕೋಟೆಯವರಿಗೆ ನೀರು ನಿಂತ ವರ್ಷವೇ ದನಿಯೂ ಮರಳಿತು ಎಂದು ನಾನು ನೆನಪಿಟ್ಟುಕೊಂಡಿದ್ದೇನೆ.

ಇದನ್ನೆಲ್ಲ ಹೇಳಲು ಕಾರಣವಿದೆ. ಈಚೆಗೆ ಕೆಲಸದ ಮೇಲೆ ಒಂದು ಬಾನುಲಿ ಕೇಂದ್ರಕ್ಕೆ ಹೋಗಿದ್ದೆ. ಯಾವ ಊರಿನದೆಂದು ಹೇಳುವುದು ಬೇಡ. ನಾಟಕದ ಸ್ಟುಡಿಯೊದ ಬಾಗಿಲಿಗೆ ಬೀಗ. ತೆಗೆಸಿ ನೋಡಿದರೆ ಮುರಿದ ಕುರ್ಚಿಗಳು, ಕಟ್ಟಿಟ್ಟ ಕಡತಗಳು. ಸಪ್ಪಳ ಮಾಡಲೆಂದೇ ಇಟ್ಟಿದ್ದ ಒಂಟಿ ಬಾಗಿಲಿನ ಚೌಕಟ್ಟು ಮೂಲೆಯಲ್ಲಿ ಗೋಡೆಗೆ ಒರಗಿತ್ತು. ಅದಕ್ಕೆ ಚಿಲಕ, ಅಗುಳಿ, ಕರೆಗಂಟೆ ಎಲ್ಲ ಇತ್ತು. ಯಾವ ನಾಟಕದಲ್ಲಿ ಯಾರು ಯಾರ ಮನೆಯ ಕದ ತಟ್ಟಿದರೂ ಸದ್ದು ಅದರದೇ. ನಾನು ಚಿಲಕ ಎಳೆದೆ. ಇನ್ನೂ ಚೆನ್ನಾಗಿ ಸದ್ದು ಮಾಡಿತು. ಪ್ರಸಾರ ನಡೆಯುತ್ತಿದ್ದದ್ದು ಪಕ್ಕದ ಒಂದು ಸಣ್ಣ ಕೋಣೆಯಿಂದ. ಒಂದು ಕಂಪ್ಯೂಟರು, ಒಂದು ಮೈಕು, ಒಬ್ಬ ಹಂಗಾಮಿ ಉದ್ಘೋಷಕಿ. ದಿನದ ಬಹುಪಾಲು ಸಹಪ್ರಸಾರ ಎಂದು ಆಕೆ ಬೇಸರದಿಂದ ಹೇಳಿದರು. ಯಂತ್ರ ಚಿಕ್ಕದಾದದ್ದಕ್ಕೆ ನನ್ನ ತಕರಾರಿಲ್ಲ. ಸ್ಪೂಲ್ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುತ್ತಿದ್ದ ಕಷ್ಟ ಯಾರಿಗೂ ಮತ್ತೆ ಬೇಡ. ಆದರೆ ಯಂತ್ರ ಬಿಟ್ಟುಕೊಟ್ಟ ಜಾಗದಲ್ಲಿ ಇನ್ನಷ್ಟು ಜನ ಕೂರಬಹುದಿತ್ತು. ಅಲ್ಲಿ ಕಡತ ಕೂತಿದ್ದವು.

ಬದಲಾವಣೆಗೆ ಕೊಡುವ ಕಾರಣ ಎಲ್ಲ ಕಡೆಯೂ ಒಂದೇ: ಖರ್ಚು, ಸಿಬ್ಬಂದಿ ಕೊರತೆ, ಒಂದೇ ಕಾರ್ಯಕ್ರಮ ಹತ್ತು ಊರಿಗೆ ಸಾಲುತ್ತದೆ ಎಂಬ ಲೆಕ್ಕ. ಇಂಗ್ಲೆಂಡಿನಲ್ಲಿ 2020ರಲ್ಲಿ ಊರೂರಿನ ಹತ್ತಾರು ರೇಡಿಯೊಗಳು ತಂತಮ್ಮ ಹೆಸರು ಕಳೆದುಕೊಂಡು ಒಂದೇ ಹೆಸರಿನಡಿ ಸೇರಿದವು. ನಾರ್ವೆ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರ ನಿಲ್ಲಿಸಿತು, ಆದರೆ ಸಣ್ಣ ಊರುಗಳ ರೇಡಿಯೊಗಳನ್ನು ಎಫ್‌ಎಂನಲ್ಲೇ ಉಳಿಯಲು ಬಿಟ್ಟಿತು. ನನಗೆ ನಾರ್ವೆಯವರ ವಿವೇಕ ಇಷ್ಟವಾಯಿತು. ನಮ್ಮಲ್ಲಿ ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಹೇಳಲು ಅನುಮತಿ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಮಾತ್ರ ಹಾಕಬಹುದು. ಹೀಗಿರುವಾಗ ಆಕಾಶವಾಣಿಯ ಸ್ಥಳೀಯ ಸ್ಟುಡಿಯೊ ಕುಗ್ಗಿದರೆ ಹುಣಸೂರಿನ ಸುದ್ದಿಯನ್ನು ರೇಡಿಯೊದಲ್ಲಿ ಹೇಳುವವರು ಬೇರೆ ಯಾರೂ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಕೂತವರು ಪಿರಿಯಾಪಟ್ಟಣದ ಮಳೆಯನ್ನು ಓದಿ ಹೇಳಬಹುದು, ಕಿಟಕಿ ತೆಗೆದು ನೋಡಿ ಹೇಳಲಾಗದು.

ಮನಸ್ಸು ಭಾರವಾದಾಗ ನಾನು ಸರಗೂರಿನ ಕಡೆ ನೋಡುತ್ತೇನೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿದ್ದು 2018ರಲ್ಲಿ ತಾನೇ ತಾಲ್ಲೂಕಾದ ಊರು ಅದು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅಲ್ಲಿ 2012ರಿಂದ ‘ಜನಧ್ವನಿ’ ಸಮುದಾಯ ಬಾನುಲಿಯನ್ನು 90.8ರಲ್ಲಿ ನಡೆಸುತ್ತ ಬಂದಿದೆ. ಇಂಥ ಬಾನುಲಿಗಳಿಗೆ ದಾರಿ ತೆರೆದದ್ದು ತಡವಾಗಿ. ಗಾಳಿಯ ತರಂಗಗಳು ಸಾರ್ವಜನಿಕರ ಸೊತ್ತೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ, ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿ ಕೊಡಬಹುದೆಂಬ ನೀತಿ ಬಂದದ್ದು 2006ರಲ್ಲಿ. ಆ ಮೊದಲೇ ಕೋಲಾರದ ಬೂದಿಕೋಟೆಯ ಜನ ‘ನಮ್ಮ ಧ್ವನಿ’ಯನ್ನು ಪರವಾನಗಿಯ ಗೊಡವೆಯಿಲ್ಲದೆ ಕೇಬಲ್ ತಂತಿಯಲ್ಲೇ ಮನೆಮನೆಗೆ ಹರಿಸಿದ್ದರು. ಎಂಥ ಹಟ! ಸಮುದಾಯ ಬಾನುಲಿ ಹತ್ತು ಹದಿನೈದು ಕಿಲೋಮೀಟರು ದಾಟಿದರೆ ಹೆಚ್ಚು. ಕಾರ್ಯಕ್ರಮಗಳಲ್ಲಿ ಅರ್ಧವಾದರೂ ಅಲ್ಲಿನ ಜನರಿಂದಲೇ ಆಗಬೇಕೆಂದು ನಿಯಮವಿದೆ. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು ಆಡುವ ಮಾತು ರಾಜಧಾನಿಯ ಯಾವ ಫಾರ್ಮ್ಯಾಟಿಗೂ ಹೊಂದುವುದಿಲ್ಲ. ಹತ್ತು ಹದಿನೈದು ಕಿಲೋಮೀಟರಿನ ರೇಡಿಯೊಗೆ ಅದೇ ಊರ ಮಾತು. ಒಂಟಿಕೊಪ್ಪಲಿನ ಮೇಷ್ಟರ ಮನೆಯಲ್ಲಿ ಇದ್ದಷ್ಟೇ ಸಣ್ಣ ಶಕ್ತಿ, ಅಷ್ಟೇ ಹತ್ತಿರದ ಕಿವಿ.

ಆದರೆ ಸಮುದಾಯ ಬಾನುಲಿ ಇದೆಯಲ್ಲ ಎಂದು ಯಾದವಗಿರಿಯನ್ನು ಮರೆಯುವಂತಿಲ್ಲ. ಸರಗೂರಿನ ದನಿ ಹನಗೋಡಿಗೆ ಮುಟ್ಟುವುದಿಲ್ಲ, ನಾಲ್ಕು ತಾಲ್ಲೂಕನ್ನು ಒಂದೇ ಸಂಜೆ ಒಂದೇ ಜಗಲಿಯಲ್ಲಿ ಕೂರಿಸುವುದು ಮೈಸೂರು ಆಕಾಶವಾಣಿಯ 100.6ಕ್ಕೆ ಮಾತ್ರ ಸಾಧ್ಯ. ಅದಕ್ಕೆ ಎರಡು ಬಾಗಿಲ ಆ ಕೋಣೆಗಳು ತೆರೆದಿರಬೇಕು, ಅಲ್ಲಿಗೆ ಹಳ್ಳಿಯವರು ಹೋಗಿ ಬರುತ್ತಿರಬೇಕು. ಕೇಂದ್ರ ಒಮ್ಮೆ ಹೋದರೆ ಮರಳಲು ಎಷ್ಟು ವರ್ಷ ಹಿಡಿಯುತ್ತದೆಂದು ಮೈಸೂರಿನವರಿಗೆ ಗೊತ್ತಿದೆ.

ಈ ಸಲ ಬ್ಯಾರನ್ನಿಗೆ ಬೆಂಕಿ ಹಾಕಿದಾಗ, ಗದ್ದೆಗೆ ನೀರು ಬಿಟ್ಟಾಗ, ಸಂಜೆ ಅರ್ಧ ಗಂಟೆ ರೇಡಿಯೊ ಹಾಕಿ. ಕೇಳಿ ಸುಮ್ಮನಾಗಬೇಡಿ, ಒಂದು ಕಾಗದ ಬರೆಯಿರಿ. ಆಕಾಶವಾಣಿ, ಯಾದವಗಿರಿ, ಮೈಸೂರು ಎಂದರೆ ತಲುಪುತ್ತದೆ. ಕೆಳಗೆ ನಿಮ್ಮ ಊರಿನ ಹೆಸರನ್ನು ಬಿಡಿಸಿ, ದಪ್ಪಕ್ಷರದಲ್ಲಿ ಬರೆಯಿರಿ.