ಜಾರ್ಜಿಯಾದಲ್ಲಿ ಐದು ತಿಂಗಳು ನಾನೂ ‘ಮಾಸ್’

ಜಾರ್ಜಿಯಾಕ್ಕೆ ಹೋಗ್ತಿದ್ದೀನಿ ಅಂದಾಗ ಹತ್ತರಲ್ಲಿ ಎಂಟು ಜನ ಕೇಳಿದ ಮೊದಲ ಪ್ರಶ್ನೆ, “ಅಮೆರಿಕದಲ್ಲಿರೋದಾ?” ಅಲ್ಲ. ಇದು ಕಪ್ಪು ಸಮುದ್ರದ ಪಕ್ಕ, ಕಾಕಸಸ್ ಪರ್ವತಗಳ ಕೆಳಗಿರುವ ಪುಟ್ಟ ದೇಶ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬೇರೆಯಾಯಿತು. ವಿಸ್ತೀರ್ಣ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಜನಸಂಖ್ಯೆ ಸುಮಾರು 37 ಲಕ್ಷ, ಅಂದರೆ ಬೆಂಗಳೂರಿನ ಅರ್ಧವೂ ಇಲ್ಲ.

ಎರಡನೇ ಪ್ರಶ್ನೆ, “ಸಂಬಳ ಎಷ್ಟು?” ಸೊನ್ನೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ಮಧ್ಯೆ ನನಗೆ ಐದು ತಿಂಗಳು ಸಿಕ್ಕಿತ್ತು. ಅಲ್ಲಿನ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ ಕುಟೈಸಿ ಊರಿನ ಹತ್ತಿರದ ಹಳ್ಳಿ ಶಾಲೆಗೆ ಇಂಗ್ಲಿಷ್ ಹೇಳಿಕೊಡೋಕೆ ಕಳಿಸಿತು. ಊಟ, ವಸತಿ ಒಂದು ಮನೆಯವರ ಜತೆ.

ಇದು ಅಲ್ಲಿಗೆ ಹೊಸದೇನಲ್ಲ. ಸೋವಿಯತ್ ಕಾಲದಲ್ಲಿ ಎಲ್ಲರೂ ಕಲಿತದ್ದು ರಷ್ಯನ್. ಆ ಜಾಗಕ್ಕೆ ಇಂಗ್ಲಿಷ್ ತರಬೇಕು ಅಂತ ಸರ್ಕಾರವೇ 2010ರಲ್ಲಿ ‘ಟೀಚ್ ಅಂಡ್ ಲರ್ನ್ ವಿತ್ ಜಾರ್ಜಿಯಾ’ ಅನ್ನೋ ಯೋಜನೆ ಶುರುಮಾಡಿ, ವಿದೇಶಿಯರನ್ನು ಕರೆಸಿ ಹಳ್ಳಿ ಶಾಲೆಗಳಲ್ಲಿ ಕೂರಿಸಿತ್ತು. ಅಮೆರಿಕದ ಪೀಸ್ ಕಾರ್ಪ್ಸ್ ಸ್ವಯಂಸೇವಕರು ಅದಕ್ಕೂ ಮೊದಲೇ, 2001ರಲ್ಲೇ ಅಲ್ಲಿಗೆ ಬಂದಿದ್ದರು.

ನಾನು ಹೋದದ್ದು ಫೆಬ್ರವರಿಯಲ್ಲಿ. ಕ್ಲಾಸ್‌ರೂಮಿನ ಮಧ್ಯೆ ಸೌದೆ ಒಲೆ, ಮಕ್ಕಳು ಜಾಕೆಟ್ ಬಿಚ್ಚದೆ ಪಾಠ ಕೇಳೋದು. ಎಲ್ಲರೂ ನನ್ನನ್ನು ‘ಮಾಸ್’ ಅಂತ ಕರೆದಾಗ ಖುಷಿಯಾಯ್ತು, ನಮ್ಮ ಸಿನಿಮಾದ ಮಾಸ್ ಹೀರೋ ಥರ! ಆದರೆ ಅದು ‘ಮಸ್ತ್ಸಾವ್ಲೆಬೆಲಿ’ ಅನ್ನೋ ಪದದ ಚಿಕ್ಕ ರೂಪ, ಅರ್ಥ ಟೀಚರ್. ನಮ್ಮ ‘ಮೇಷ್ಟ್ರೇ’ ಇದ್ದ ಹಾಗೆ.

ಇನ್ನೊಂದು ತಮಾಷೆ. ಅವರ ಭಾಷೆಯಲ್ಲಿ ಅಮ್ಮನಿಗೆ ‘ದೇದಾ’, ಅಪ್ಪನಿಗೆ ‘ಮಾಮಾ’! ಫೋನಲ್ಲಿ ಅಮ್ಮನಿಗೆ ಹೇಳಿದ್ರೆ, “ಹಂಗಾದ್ರೆ ನಿಮ್ಮ ಮಾವಂಗೆ ಏನಂತಾರೆ?” ಅಂತ ನಗು.

ಊಟದ ಚಿಂತೆ ಇರೋ ಸಸ್ಯಾಹಾರಿಗಳಿಗೆ ಒಂದು ಪದ ಹೇಳ್ತೀನಿ, ‘ಸಮರ್ಖ್ವೋ’. ಅಂದರೆ ಉಪವಾಸದ ದಿನದ ಅಡುಗೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರಲ್ಲ. ರಾಜ್ಮಾ ಸಾರಿನಂಥ ಲೋಬಿಯೋ, ಜತೆಗೆ ಮೆಕ್ಕೆಜೋಳದ ಹಿಟ್ಟನ್ನು ಕೈಯಲ್ಲೇ ತಟ್ಟಿ ಬೇಯಿಸಿದ ದಪ್ಪ ರೊಟ್ಟಿ ‘ಮ್ಚಾದಿ’. ನನಗಂತೂ ಮನೆ ಊಟವೇ ಸಿಕ್ಕ ಹಾಗಾಯ್ತು.

ಮಕ್ಕಳು ಇಂಗ್ಲಿಷಲ್ಲಿ ಎಲ್ಲಿ ಎಡವುತ್ತಾರೆ ಅನ್ನೋದು ಒಂದು ವಾರದಲ್ಲೇ ಕಂಡಿತು. ಜಾರ್ಜಿಯನ್ ಲಿಪಿಯಲ್ಲಿ 33 ಅಕ್ಷರ, ಕ್ಯಾಪಿಟಲ್ ಲೆಟರ್ ಅನ್ನೋದೇ ಇಲ್ಲ, ನಮ್ಮ ಕನ್ನಡದ ಹಾಗೆ. ಅವನು, ಅವಳು ಎರಡಕ್ಕೂ ಒಂದೇ ಪದ. ಹಾಗಾಗಿ ಅಪ್ಪ ‘ಶೀ’ ಆಗ್ತಾರೆ, ಅಜ್ಜಿ ‘ಹೀ’ ಆಗ್ತಾರೆ. ಒಂದು ದಿನ ಬೋರ್ಡ್ ಮೇಲೆ ಅವರ ಹೆಸರುಗಳನ್ನು ಕನ್ನಡದಲ್ಲಿ ಬರೆದೆ. ಗುಂಡಗಿನ ಅಕ್ಷರ ನೋಡಿ, “ಇದು ನಮ್ಮ ಭಾಷೆಯ ತಂಗಿ!” ಅಂದಳು ಏಳನೇ ಕ್ಲಾಸಿನ ಒಬ್ಬಳು.

ಭಾಷೆ ಅಂದರೆ ಅವರಿಗೆ ಪ್ರಾಣ. 1978ರ ಏಪ್ರಿಲ್ 14ರಂದು, ಜಾರ್ಜಿಯನ್ ಭಾಷೆಯ ಅಧಿಕೃತ ಸ್ಥಾನವನ್ನು ಸಂವಿಧಾನದಿಂದ ತೆಗೆಯೋಕೆ ಹೊರಟಾಗ ರಾಜಧಾನಿ ಟಿಬಿಲಿಸಿಯಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಸೋವಿಯತ್ ಕಾಲದಲ್ಲೂ ಸರ್ಕಾರ ಹಿಂದೆ ಸರಿಯಬೇಕಾಯ್ತು. ಆ ದಿನವನ್ನು ಇವತ್ತಿಗೂ ಆಚರಿಸುತ್ತಾರೆ. ನಾನು ನಮ್ಮ ಗೋಕಾಕ್ ಚಳವಳಿಯ ಕತೆ ಹೇಳಿದೆ. ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಆ ಶಾಲೆಯಲ್ಲಿ ನನ್ನ ಜತೆ ಪಾಠ ಮಾಡುತ್ತಿದ್ದ ಟೀಚರಮ್ಮನ ಬಗ್ಗೆ ಹೇಳಲೇಬೇಕು. ವಯಸ್ಸು ಐವತ್ತರ ಮೇಲೆ. ಓದಿದ್ದು, ವರ್ಷಾನುಗಟ್ಟಲೆ ಕಲಿಸಿದ್ದು ರಷ್ಯನ್. ರಷ್ಯನ್ ಪೀರಿಯಡ್‌ಗಳು ಕಡಿಮೆಯಾಗುತ್ತಾ ಬಂದಾಗ, ರಾತ್ರಿ ಕೂತು ಪುಸ್ತಕ ನೋಡಿ ತಾವೇ ಇಂಗ್ಲಿಷ್ ಕಲಿತವರು. ಗ್ರಾಮರ್ ನನಗಿಂತ ಚೆನ್ನಾಗಿ ಗೊತ್ತು. ಆದರೆ ಬಾಯಿ ಬಿಡಲು ಭಯ. ಮೊದಲ ಎರಡು ವಾರ ನನಗೆ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು.

ಆಗ ನನಗೆ ಅನ್ನಿಸಿದ್ದು ಇಷ್ಟು: ಐದು ತಿಂಗಳಲ್ಲಿ ನಾನು ಮಕ್ಕಳಿಗೆ ಕಲಿಸೋ ಇಂಗ್ಲಿಷ್ ಮುಂದಿನ ಬೇಸಿಗೆಗೆ ಮರೆತು ಹೋಗುತ್ತೆ. ನಾನು ವಿಮಾನ ಹತ್ತಿದ ಮೇಲೂ ಅಲ್ಲಿ ಉಳಿಯೋರು ಇವರು. ಪಾಠ ಇವರದ್ದೇ ಇರಲಿ, ನಾನು ಪಕ್ಕದಲ್ಲಿರೋಣ. ಹಾಗಾಗಿ ಕ್ಲಾಸ್ ನಡೆಸೋದು ಅವರು. ಮಕ್ಕಳು ಇಂಗ್ಲಿಷಲ್ಲಿ ಮಾತಾಡದೆ ವಿಧಿಯಿಲ್ಲದ ಮನುಷ್ಯ ನಾನು, ಯಾಕಂದ್ರೆ ನನಗೆ ಜಾರ್ಜಿಯನ್ನೂ ಬರಲ್ಲ, ರಷ್ಯನ್ನೂ ಬರಲ್ಲ. ಶಾಲೆ ಮುಗಿದ ಮೇಲೆ ಇಪ್ಪತ್ತು ನಿಮಿಷ ಟೀ, ಇಂಗ್ಲಿಷ್ ಮಾತ್ರ. ಮೊದಮೊದಲು ಹವಾಮಾನ, ಆಮೇಲೆ ಸೊಸೆ, ಆಮೇಲೆ ರಾಜಕೀಯ! ಮೇ ತಿಂಗಳ ಹೊತ್ತಿಗೆ ಚೀಟಿ ಮಾಯ.

ವಾರಾಂತ್ಯದಲ್ಲಿ ತಿರುಗಾಟ. ಅಲ್ಲಿ ಎಲ್ಲಿಗೆ ಹೋಗಬೇಕಾದರೂ ‘ಮಾರ್ಶ್ರುತ್ಕಾ’, ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್. ದಾರಿಯಲ್ಲಿ ಚರ್ಚ್ ಕಂಡ ಕಡೆಯೆಲ್ಲ ಒಳಗಿರೋರು ಎದೆ ಮುಟ್ಟಿಕೊಂಡು ಮೂರು ಸಲ ಶಿಲುಬೆ ಗುರುತು ಹಾಕ್ತಾರೆ, ಡ್ರೈವರ್ ಕೂಡ. ಕುಟೈಸಿ ಪಕ್ಕದ ಗುಡ್ಡದ ಮೇಲೆ 1106ರಲ್ಲಿ ದೊರೆ ಡೇವಿಡ್ ಕಟ್ಟಿಸಲು ಶುರುಮಾಡಿದ ಗೆಲಾತಿ ಮಠ ಇದೆ. ಅದರ ಜತೆ ಒಂದು ವಿದ್ಯಾಪೀಠವೂ ಇತ್ತು. ಉತ್ತರಕ್ಕೆ ಸ್ವಾನೇತಿ ಸೀಮೆ. ಶತಮಾನಗಳ ಹಿಂದೆ ಶತ್ರುಗಳಿಂದ ತಪ್ಪಿಸಿಕೊಳ್ಳಲು ಮನೆಮನೆಗೂ ಕಟ್ಟಿದ ಕಲ್ಲಿನ ಗೋಪುರಗಳು ಹಿಮದ ಬೆಟ್ಟಗಳ ಮುಂದೆ ಇನ್ನೂ ನಿಂತಿವೆ.

ಜೂನ್‌ನಲ್ಲಿ ಶಾಲೆ ಮುಗಿಯಿತು. ಜುಲೈನಲ್ಲಿ ಬಕುರಿಯಾನಿ ಅನ್ನೋ ಬೆಟ್ಟದ ಊರಲ್ಲಿ ಹತ್ತು ದಿನದ ಯುವ ಶಿಬಿರ. ನಮ್ಮ ಹಳ್ಳಿ ಮಕ್ಕಳ ಜತೆ ಜವಾಖೇತಿಯ ಅರ್ಮೇನಿಯನ್ ಮಕ್ಕಳು, ಮಾರ್ನೆಉಲಿ ಕಡೆಯ ಅಜರ್ಬೈಜಾನಿ ಮಕ್ಕಳು. ಎಲ್ಲರೂ ಜಾರ್ಜಿಯಾದವರೇ, ಆದರೆ ಮನೆಮಾತು ಬೇರೆ. ಗಡಿಯಾಚೆ ಅರ್ಮೇನಿಯಾ ಮತ್ತು ಅಜರ್ಬೈಜಾನ್ 2020ರಲ್ಲಿ ಯುದ್ಧ ಮಾಡಿದ ದೇಶಗಳು. ಮೊದಲ ದಿನ ಊಟದ ಹಾಲ್‌ನಲ್ಲಿ ಮೂರು ಗುಂಪು, ಮೂರು ಮೂಲೆ.

ನಾಲ್ಕನೇ ದಿನ ದೋಲ್ಮಾ ಬಡಿಸಿದರು. ಎಲೆಯೊಳಗೆ ಅಕ್ಕಿ, ಮಸಾಲೆ ತುಂಬಿ ಬೇಯಿಸೋ ಅಡುಗೆ. “ಇದು ನಮ್ಮದು” ಅಂದಳು ಒಬ್ಬಳು. “ಅಲ್ಲ, ನಮ್ಮದು” ಅಂದಳು ಎದುರಿನವಳು. ಮೈಸೂರು ಪಾಕ್ ಯಾರದ್ದು ಅಂತ ನಾವು ತಮಿಳರ ಜತೆ ಜಗಳ ಆಡಿದ ಹಾಗೆ! ಅರ್ಧ ಗಂಟೆ ವಾದ, ಪೂರ್ತಿ ಇಂಗ್ಲಿಷಲ್ಲಿ. ಒಂದು ಕ್ರಿಯಾಪದವೂ ಸರಿ ಇರಲಿಲ್ಲ, ಆದರೆ ಒಬ್ಬರೂ ನನ್ನ ಕಡೆ ತಿರುಗಿ ಪದ ಕೇಳಲಿಲ್ಲ. ಕೊನೆಗೆ ಒಬ್ಬಳ ಅಜ್ಜಿ ದ್ರಾಕ್ಷಿ ಎಲೆ ಬಳಸ್ತಾರೆ, ಇನ್ನೊಬ್ಬಳ ಅಜ್ಜಿ ಎಲೆಕೋಸು ಬಳಸ್ತಾರೆ ಅನ್ನೋದಕ್ಕೆ ಬಂದು ನಿಂತಿತು. ಮಾರನೇ ದಿನ ಇಬ್ಬರೂ ಒಂದೇ ಮೇಜಲ್ಲಿ. ಅವರಿಬ್ಬರಲ್ಲಿ ಯಾರದ್ದೂ ಅಲ್ಲದ ಭಾಷೆ ಅಲ್ಲಿ ಕೆಲಸಕ್ಕೆ ಬಂತು.

ಆ ಶಿಬಿರವನ್ನು ನಡೆಸಿದವರು ಊರಿನ ಟೀಚರುಗಳೇ, ನಾವು ಕೈಜೋಡಿಸಿದ್ದು ಅಷ್ಟೇ. ಹೆಣ್ಣುಮಕ್ಕಳಿಗಾಗಿ ಬೇರೆ ಬೇರೆ ದೇಶಗಳಲ್ಲಿ ನಡೆಯೋ ‘ಗ್ಲೋ’ ಶಿಬಿರಗಳೂ ಹುಟ್ಟಿದ್ದು ಹೀಗೆಯೇ: 1995ರಲ್ಲಿ ರೊಮೇನಿಯಾದಲ್ಲಿ, ಪೀಸ್ ಕಾರ್ಪ್ಸ್ ಸ್ವಯಂಸೇವಕರು ಅಲ್ಲಿನ ಶಿಕ್ಷಕರ ಜತೆ ಸೇರಿ ಶುರುಮಾಡಿದ್ದು.

ನಿಮಗೂ ಇಂಥ ಆಸೆ ಇದ್ದರೆ, ಅರ್ಜಿ ಹಾಕುವ ಮೊದಲು ಸಂಸ್ಥೆಗೆ ಮೂರು ಪ್ರಶ್ನೆ ಕೇಳಿ. ನಾನು ಯಾವ ಟೀಚರ್ ಜತೆ ಕೆಲಸ ಮಾಡ್ತೀನಿ? ನಾನು ಹೋದ ಮೇಲೆ ಆ ಕೆಲಸ ಯಾರು ಮುಂದುವರಿಸ್ತಾರೆ? ನಾನು ಕೊಡೋ ದುಡ್ಡು ಇದ್ದರೆ ಅದು ಎಲ್ಲಿಗೆ ಹೋಗುತ್ತೆ? ಮೊದಲ ಎರಡಕ್ಕೆ ಉತ್ತರ ಇಲ್ಲ ಅಂದ್ರೆ ಅದು ಪ್ರವಾಸ, ಪಾಠ ಅಲ್ಲ. ಪ್ರವಾಸ ತಪ್ಪಲ್ಲ, ಆದರೆ ಮಕ್ಕಳ ಪೀರಿಯಡ್‌ನಲ್ಲಿ ಬೇಡ.

ನಾನು ಬಂದ ಮೇಲೆ ಆ ಹಳ್ಳಿಗೆ ಬೇರೆ ಯಾವ ವಿದೇಶಿ ಸ್ವಯಂಸೇವಕರೂ ಹೋಗಿಲ್ಲ. ಆದರೆ ಪ್ರತಿ ಗುರುವಾರ ಏಳನೇ ಕ್ಲಾಸಿನವರು ಪಕ್ಕದ ಹಳ್ಳಿ ಶಾಲೆಯ ಜತೆ ವಿಡಿಯೋ ಕಾಲ್‌ನಲ್ಲಿ ಒಂದು ಗಂಟೆ ಇಂಗ್ಲಿಷ್ ಮಾತಾಡ್ತಾರೆ. ನಡೆಸೋದು ಅದೇ ಟೀಚರಮ್ಮ. ಈಗ ನನಗೆ ಅವರು ಮೆಸೇಜ್ ಟೈಪ್ ಮಾಡಲ್ಲ, ನೇರವಾಗಿ ಫೋನ್ ಮಾಡ್ತಾರೆ.